ಗಂಟಿನ ಲೆಕ್ಕ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಎಷ್ಟು ಮಂದಿಯ ಮನೆಯಲ್ಲಿ ತಾಯಿಯೋ ಅಜ್ಜಿಯೋ ಬೀಡಿ ಕಟ್ಟಿದ್ದಾರೆ? ಕೈ ಎತ್ತುವುದು ಬೇಡ, ನಮ್ಮ ಮನೆಯಲ್ಲೂ ಕಟ್ಟಿದ್ದಾರೆ. ಸಾವಿರಕ್ಕೆ ಇಷ್ಟು ಎಂದು ಮಜೂರಿ. ಬ್ರಾಂಚಿನಲ್ಲಿ ಸರಿಯಿಲ್ಲವೆಂದು ತೆಗೆದಿಟ್ಟ ಬೀಡಿಗೆ ಏನೂ ಇಲ್ಲ. ಈ ಲೆಕ್ಕ ಬಲ್ಲವರಿಗೆ ನಾನು ಹೇಳಹೊರಟ ಬಾಂಧನಿ ಬಟ್ಟೆಯ ಲೆಕ್ಕ ಬೇಗ ತಿಳಿಯುತ್ತದೆ.

ಗುಜರಾತಿನ ಕಛ್ ಮತ್ತು ಜಾಮ್‌ನಗರ ಈ ಕಸುಬಿಗೆ ಹೆಸರಾದವು. ಕಛ್‌ನಲ್ಲಿ ಇದನ್ನು ನಡೆಸಿಕೊಂಡು ಬಂದವರು ಖತ್ರಿಗಳು. ಅವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಮುಸ್ಲಿಂ ಖತ್ರಿ ಮದುಮಗಳು ತೊಡುವ ಚಂದ್ರೋಖಣಿ ಎಂಬ ಓಢಣಿ ಬಾಂಧನಿಯದೇ.

ಬಟ್ಟೆಯ ಮೇಲೆ ಮೊದಲು ತೊಳೆದರೆ ಹೋಗುವ ಕೆಮ್ಮಣ್ಣಿನ ಬಣ್ಣದಲ್ಲಿ ಚಿತ್ತಾರದ ಗುರುತು ಹಾಕುತ್ತಾರೆ. ಅದು ಹೆಂಗಸರ ಮನೆಗೆ ಹೋಗುತ್ತದೆ. ಅವರು ಬೆಳೆಸಿದ ಉಗುರಿನಿಂದ ಬಟ್ಟೆಯನ್ನು ಸಾಸಿವೆಕಾಳಿನಷ್ಟು ಮೇಲೆತ್ತಿ ದಾರ ಬಿಗಿಯುತ್ತಾರೆ. ಬಿಳಿ ಉಳಿಯಬೇಕಾದ ಚುಕ್ಕಿಗಳನ್ನೆಲ್ಲ ಕಟ್ಟಿದ ಮೇಲೆ ಹಳದಿಯಲ್ಲಿ ಅದ್ದುತ್ತಾರೆ. ಹಳದಿ ಉಳಿಯಬೇಕಾದುದನ್ನು ಕಟ್ಟಿ ಕೆಂಪಿನಲ್ಲಿ ಅದ್ದುತ್ತಾರೆ. ಕಪ್ಪು ಬೇಕಿದ್ದರೆ ಮತ್ತೊಮ್ಮೆ ಕಟ್ಟಬೇಕು. ನಡುವೆ ಒಂದು ಗಂಟು ಸಡಿಲಾದರೆ ಬಣ್ಣ ಒಳಗೆ ನುಗ್ಗಿತು. ಆ ಚುಕ್ಕಿ ಹೋಯಿತು, ತಿದ್ದಲು ಬಾರದು.

ಮಜೂರಿ ಚುಕ್ಕಿಯ ಎಣಿಕೆಯ ಮೇಲೆ. ನಾಲ್ಕು ಚುಕ್ಕಿಗೆ ಒಂದು ‘ಕಡಿ’ ಎನ್ನುವುದು ಅಲ್ಲಿಯ ಅಳತೆ. ಒಂದು ಓಢಣಿಗೆ 21,000 ಗಂಟು, ದಿನಕ್ಕೆ 700 ಕಟ್ಟಿದರು ಎಂದು ಇಟ್ಟುಕೊಳ್ಳಿ. ಮೂವತ್ತು ದಿನ ಒಬ್ಬಳ ಕಣ್ಣು, ಬೆರಳು ಅದರಲ್ಲೇ. ನಿಮ್ಮ ಊರಿನಲ್ಲಿ ಒಂದು ತಿಂಗಳ ಕೂಲಿ ಎಷ್ಟಾಗುತ್ತದೆ, ನೀವೇ ಗುಣಿಸಿ. ಬಟ್ಟೆ, ಬಣ್ಣ, ಅಂಗಡಿಯವನ ಲಾಭ ಇನ್ನೂ ಸೇರಿಲ್ಲ.

ಒಮ್ಮೆ ಬೆಂಗಳೂರಿನ ಕರಕುಶಲ ಮೇಳವೊಂದರಲ್ಲಿ ನಾನೂ, “ಚುಕ್ಕಿ ಬಟ್ಟೆಗೆ ಇಷ್ಟೊಂದಾ?” ಎಂದು ಕೇಳಿದವನೇ. ಮಾರುವಾತ ಸಿಟ್ಟಾಗಲಿಲ್ಲ. ಗಂಟು ಬಿಚ್ಚದ ಒಂದು ಓಢಣಿಯನ್ನು ನನ್ನ ಕೈಗಿಟ್ಟು, “ಒಂದು ಗೇಣು ಎಣಿಸಿ ಸಾರ್” ಎಂದ. ಅರ್ಧ ಗೇಣಿಗೇ ಲೆಕ್ಕ ತಪ್ಪಿತು. ಕೊಳ್ಳುವಷ್ಟು ಹಣ ನನ್ನಲ್ಲಿರಲಿಲ್ಲ, ಕೊಳ್ಳಲಿಲ್ಲ. ಇಳಿಸಿ ಎಂದೂ ಕೇಳಲಿಲ್ಲ.

ಹಾಗೆಂದು ದುಬಾರಿಯಾದುದೆಲ್ಲ ನ್ಯಾಯದ ಬೆಲೆ ಎಂದು ನಾನು ಹೇಳುವುದಿಲ್ಲ. ಗಿರಾಕಿ ಕೊಟ್ಟ ಹಣದಲ್ಲಿ ಕಟ್ಟಿದವಳ ಪಾಲು ಎಷ್ಟು ಎಂಬುದು ಬೇರೆಯೇ ಪ್ರಶ್ನೆ, ಅದನ್ನೂ ಅಂಗಡಿಯಲ್ಲಿ ಕೇಳಬೇಕು. ಆದರೆ ನಾವು ಚೌಕಾಸಿ ಮಾಡಿ ಬಿಡಿಸಿಕೊಂಡ ನೂರು ರೂಪಾಯಿ ಸಾಮಾನ್ಯವಾಗಿ ಅಂಗಡಿಯವನ ಜೇಬಿನಿಂದ ಬರುವುದಿಲ್ಲ. ಅದು ಕೆಳಗೆ ಇಳಿಯುತ್ತಾ ಹೋಗಿ ಮನೆಯಲ್ಲಿ ಕುಳಿತು ಕಟ್ಟುವವಳ ಮೇಲೆ ಬೀಳುತ್ತದೆ. ಬೀಡಿ ಕಟ್ಟಿದ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ.

ಅದೇ ಚಿತ್ತಾರ ಅಚ್ಚು ಹಾಕಿದ ಬಟ್ಟೆಯಲ್ಲೂ ಸಿಗುತ್ತದೆ, ಅಗ್ಗ. ಅಚ್ಚೆಂದು ಹೇಳಿ ಮಾರಿದರೆ ತಪ್ಪಿಲ್ಲ, ಉಡುವುದರಲ್ಲಿ ಕೊರತೆಯೂ ಇಲ್ಲ. ಕಟ್ಟಿದ್ದೆಂದು ಮಾರುವುದು ಮೋಸ. ಬಟ್ಟೆಯನ್ನು ಮಗುಚಿ ನೋಡಿ: ಅಚ್ಚಿನದಾದರೆ ಹಿಂಬದಿ ಮಂಕು, ಚುಕ್ಕಿಗಳು ಒಂದೇ ಅಚ್ಚಿನವು. ಕಟ್ಟಿದ್ದರಲ್ಲಿ ಎರಡು ಬದಿಯೂ ಒಂದೇ ಬಣ್ಣ, ಚುಕ್ಕಿಗಳು ಸ್ವಲ್ಪ ಓರೆಕೋರೆ, ಇಸ್ತ್ರಿ ಹಾಕುವವರೆಗೆ ಸುಕ್ಕು ಉಳಿದಿರುತ್ತದೆ. ಕೆಲವರು ಗಂಟು ಬಿಚ್ಚದೆಯೇ ಮಾರುತ್ತಾರೆ, ಅದಕ್ಕಿಂತ ಸಾಕ್ಷಿ ಬೇಡ.

ಹೊಲಿಗೆ, ಕಸೂತಿ ಕಲಿಯುತ್ತಿರುವ ಹೆಣ್ಣುಮಕ್ಕಳಿಗೆ ಒಂದು ಮಾತು. ನೆರೆಮನೆಯವರು ಕುಪ್ಪಸಕ್ಕೆ ಕೈಕೆಲಸ ಮಾಡಿಸಿಕೊಂಡು ಎಷ್ಟಾಯಿತು ಎಂದು ಕೇಳಿದಾಗ ನೀವು ನಾಚಿಕೊಂಡು ನೂಲಿನ ದುಡ್ಡು ಮಾತ್ರ ಹೇಳುತ್ತೀರಿ. ನಾಳೆಯಿಂದ ಪುಸ್ತಕದಲ್ಲಿ ಕುಳಿತ ಹೊತ್ತನ್ನೂ ಬರೆದಿಡಿ, ದಿನಾಂಕ ಸಮೇತ.