ಆಗರದ ಉಪ್ಪು, ಸೋಡಿಯಂನ ಎಲೆಕ್ಟ್ರಾನ್



ಕಂಪ್ಯೂಟರ್ ಬಗ್ಗೆ ಮಾತಾಡು ಎಂದರು. ಅದು ಈಗಿನ ಮಕ್ಕಳಿಗೇ ಚೆನ್ನಾಗಿ ಗೊತ್ತು. ನಾನು ಉಪ್ಪಿನ ಬಗ್ಗೆ ಮಾತಾಡುತ್ತೇನೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರು ಉಪ್ಪಿನ ಕಾಯ್ದೆ ಮುರಿದ ಸಂಗತಿ ಇಲ್ಲಿ ಎಲ್ಲರೂ ಕೇಳಿದ್ದೇ. ಆ ಉಪ್ಪಿನ ಹರಳಿನೊಳಗೆ ಏನಿದೆ ಎಂಬುದು ಹೈಸ್ಕೂಲಿನ ಪಾಠ.

ಸೋಡಿಯಂ ಪರಮಾಣುವಿನಲ್ಲಿ 11 ಎಲೆಕ್ಟ್ರಾನ್: 2, 8, 1. ಹೊರಗಿನ ಒಂದನ್ನು ಬಿಟ್ಟರೆ ಉಳಿಯುವುದು 2, 8. ಅದು ನಿಯಾನ್ ಎಂಬ ಜಡಾನಿಲದ ಜೋಡಣೆ. ಕ್ಲೋರಿನ್ 2, 8, 7. ಒಂದು ಸಿಕ್ಕರೆ ಆರ್ಗಾನ್‌ನಂತೆ 2, 8, 8. ಹಾಗೆಂದು ಸೋಡಿಯಂ ನಿಯಾನ್ ಆಗಿಬಿಡುವುದಿಲ್ಲ. 11 ಪ್ರೋಟಾನ್ ಹಾಗೇ ಇರುತ್ತವೆ, ಆದ್ದರಿಂದಲೇ ಅದು ಧನ ಅಯಾನು.

ಸೋಡಿಯಂಗೆ ಎಲೆಕ್ಟ್ರಾನ್ ಬಿಡುವ ಆಸೆ ಎಂದು ನಾವೆಲ್ಲ ಬಾಯಿಪಾಠ ಮಾಡಿದವರು. ಈ ‘ಆಸೆ’ ನನಗೆ ಒಪ್ಪಿಗೆಯಿಲ್ಲ. ಅಂಗಡಿಯ ಲೆಕ್ಕದಂತೆ ನೋಡಿ. 23 ಗ್ರಾಂ ಸೋಡಿಯಂನ ಬಿಡಿ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನ್ ಕೀಳಲು ಸುಮಾರು 496 ಕಿಲೋಜೂಲ್ ಖರ್ಚು. ಕ್ಲೋರಿನ್ ಅವನ್ನು ತೆಗೆದುಕೊಂಡಾಗ ಬರುವ ಜಮೆ ಸುಮಾರು 349. ಇಲ್ಲಿಗೇ ನಿಂತರೆ ನಷ್ಟ! ಧನ, ಋಣ ಅಯಾನುಗಳು ಹರಳಾಗಿ ಒಂದನ್ನೊಂದು ಬಿಗಿಯಾಗಿ ಹಿಡಿದಾಗ ಸುಮಾರು 787 ಕಿಲೋಜೂಲ್ ಹೊರಬೀಳುತ್ತದೆ. ಸಾಲ ತೀರುವುದು ಅಲ್ಲಿ. ಎರಡನೆಯ ಎಲೆಕ್ಟ್ರಾನ್ ಬೇಕೆಂದರೆ ಇನ್ನೂ ಸುಮಾರು 4560 ತೆರಬೇಕು. ಯಾವ ಹರಳೂ ಅಷ್ಟನ್ನು ತುಂಬಿಕೊಡಲಾರದು. ಸೋಡಿಯಂ ನಿಯಾನ್ ಜೋಡಣೆಯಲ್ಲೇ ನಿಲ್ಲುವುದು ಈ ಕಾರಣಕ್ಕೆ.

ಸಾಣಿಕಟ್ಟಾದ ಆಗರದಲ್ಲಿ ಬಿಸಿಲು ಈ ಎಲೆಕ್ಟ್ರಾನ್ ಕೀಳುತ್ತದೆಂದು ತಿಳಿಯಬೇಡಿ. ಸಮುದ್ರದ ನೀರಿನಲ್ಲಿ ಸೋಡಿಯಂ ಮೊದಲೇ ಅಯಾನು. ಬಿಸಿಲು ನೀರನ್ನು ಆರಿಸುತ್ತದೆ, ಅಯಾನುಗಳು ಹರಳುಗಟ್ಟುತ್ತವೆ, ಅಷ್ಟೇ.

ಇನ್ನು ಕಬ್ಬಿಣ. ಕಾರವಾರದ ಗಾಳಿಯಲ್ಲಿ ತಗಡು, ಸರಳು ಎಷ್ಟು ಬೇಗ ತಿಂದುಹೋಗುತ್ತವೆ ಎಂದು ನಿಮಗೆ ಹೇಳಬೇಕಾಗಿಲ್ಲ. ತುಕ್ಕು ಎಂದರೂ ಎಲೆಕ್ಟ್ರಾನ್ ಕಳೆದುಕೊಳ್ಳುವುದೇ. ಉಪ್ಪಿನ ತೇವ ಅದನ್ನು ಚುರುಕು ಮಾಡುತ್ತದೆ. ಆದರೆ ಕಬ್ಬಿಣ 2, 8, 14, 2. ಮೂರು ಹೋದರೆ 2, 8, 13. ಇದು ಯಾವ ಜಡಾನಿಲದ ಜೋಡಣೆಯೂ ಅಲ್ಲ. ಲೋಹಗಳೆಲ್ಲ ಜಡಾನಿಲದಂತಾಗಲು ಎಲೆಕ್ಟ್ರಾನ್ ಬಿಡುತ್ತವೆ ಎಂಬ ಸಾಲು ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂಗೆ ಸರಿ. ಕಬ್ಬಿಣಕ್ಕೆ ಹೊಂದುವುದಿಲ್ಲ.

ವಿಜ್ಞಾನದ ಗುರುಗಳಲ್ಲಿ ಒಂದೇ ವಿನಂತಿ. ಈ ಪಾಠದ ದಿನ ಉಪ್ಪಿನ ಜೊತೆಗೆ ತರಗತಿಯ ಕಿಟಕಿಯ ಸರಳನ್ನೂ ತೋರಿಸಿ, ಅದರ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಬರೆಸಿ.