ಕಾಲೇಜಿನ ಮೆಟ್ಟಿಲು ಹತ್ತುವ ಮೊದಲು ನಾಲ್ಕು ಮಾತು ಇಂಗ್ಲಿಷ್

(ಶಿವಮೊಗ್ಗದಲ್ಲಿ ಪದವಿ ತರಗತಿಗೆ ಸೇರಲಿರುವ ವಿದ್ಯಾರ್ಥಿಗಳು ಹಾಗೂ ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ)



ಮಕ್ಕಳೇ, ನೀವು ಸೊರಬ, ಶಿಕಾರಿಪುರ, ಹೊಸನಗರ, ಭದ್ರಾವತಿ ಕಡೆಯ ಊರುಗಳಿಂದ ಬಂದಿದ್ದೀರಿ. ಹೆಚ್ಚಿನವರು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಅಂಕಗಳು ಚೆನ್ನಾಗಿವೆ. ಆದರೂ ಇನ್ನೆರಡು ತಿಂಗಳಲ್ಲಿ ಎಂಜಿನಿಯರಿಂಗಿಗೋ ಬಿಎಸ್ಸಿಗೋ ಹೋಗಿ ಕೂತಾಗ ಮೇಷ್ಟ್ರು ಇಂಗ್ಲಿಷಿನಲ್ಲಿ ಏನಾದರೂ ಕೇಳಿಬಿಟ್ಟರೆ ಎಂಬ ಅಳುಕು ಎದೆಯಲ್ಲಿದೆ. ಇವತ್ತು ನಾನು ಮಾತಾಡುವುದು ಆ ಅಳುಕಿನ ಬಗ್ಗೆ ಮಾತ್ರ.

ಶರಣರ ಸಭೆಯಲ್ಲಿ ಇಂಗ್ಲಿಷಿನ ಮಾತೇಕೆ ಎಂದು ಹಿರಿಯರೊಬ್ಬರು ಈಗಷ್ಟೇ ಹೊರಗೆ ಕೇಳಿದರು. ಸಂಸ್ಕೃತದ ಬಾಗಿಲು ಮುಚ್ಚಿದ್ದಾಗ ಶರಣರು ಜನರ ಕನ್ನಡದಲ್ಲಿ ಮಾತಾಡಿದರು, ನೀವು ಈಗ ಹೊಸ ಸಂಸ್ಕೃತವೊಂದನ್ನು ತಂದು ಕೂರಿಸುತ್ತೀರಾ ಎಂದರು. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರವಾಗಿ ನನಗೆ ನೆನಪಾಗುವುದು ಉರಿಲಿಂಗಪೆದ್ದಿಗಳು. ಅಸ್ಪೃಶ್ಯರೆಂದು ದೂರವಿಟ್ಟ ಸಮುದಾಯದಿಂದ ಬಂದ ಶರಣರು ಅವರು. ಅವರ ವಚನಗಳನ್ನು ಓದಿದವರಿಗೆ ಗೊತ್ತು, ಅಲ್ಲಿ ಸಂಸ್ಕೃತದ ಉಕ್ತಿಗಳು ಸಾಲುಸಾಲಾಗಿ ಬರುತ್ತವೆ. ಯಾವ ಭಾಷೆಯನ್ನು ಕೇಳಲೂ ಅಧಿಕಾರವಿಲ್ಲ ಎಂದಿದ್ದರೋ ಅದನ್ನೇ ಕಲಿತು, ಅದರಿಂದಲೇ ಎದುರಿನವರಿಗೆ ಉತ್ತರ ಕೊಟ್ಟರು. ಶರಣರಿಗೆ ಜಗಳವಿದ್ದದ್ದು ಬಾಗಿಲು ಕಾಯುವವರ ಜೊತೆ, ಭಾಷೆಯ ಜೊತೆಯಲ್ಲ.

ಹತ್ತಿರದ ಕಾಲಕ್ಕೆ ಬಂದರೂ ಹಾಗೆಯೇ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದವರು ಮೊದಲು ತೆರೆದದ್ದು ಆಂಗ್ಲೋ ವರ್ನಾಕ್ಯುಲರ್ ಶಾಲೆಯನ್ನು. ಫ.ಗು. ಹಳಕಟ್ಟಿಯವರು ಇಂಗ್ಲಿಷಿನಲ್ಲಿ ಕಾನೂನು ಓದಿದ ವಕೀಲರು. ಮನೆಮನೆಯ ತಾಳೆಗರಿ ಹುಡುಕಿ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚಿಗೆ ತಂದವರೂ ಅವರೇ. ಇಂಗ್ಲಿಷ್ ಓದಿದ್ದರಿಂದ ಅವರ ಕನ್ನಡವೇನೂ ಸವೆಯಲಿಲ್ಲ.

ಇನ್ನು ವಿಷಯಕ್ಕೆ ಬರೋಣ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಕಲಿಸುತ್ತಿದ್ದಾರೆ. ಅಂದರೆ ನೀವು ಹತ್ತು ಹನ್ನೆರಡು ವರ್ಷ ಆ ಭಾಷೆಯ ಪಕ್ಕದಲ್ಲೇ ಕೂತಿದ್ದೀರಿ. ಆದರೂ ನಾಲಿಗೆ ಏಳುವುದಿಲ್ಲ ಏಕೆ? ನೀವು ಕಲಿತದ್ದು ಪರೀಕ್ಷೆಯ ಇಂಗ್ಲಿಷ್. ಪದ್ಯದ ಸಾರಾಂಶ ಬಾಯಿಪಾಠವಾಗಿದೆ. ಕರ್ತರಿಯನ್ನು ಕರ್ಮಣಿ ಮಾಡುವುದು ಗೊತ್ತು. ಹಾಸ್ಟೆಲ್ಲಿನಲ್ಲಿ ಬಕೆಟ್ ಎಲ್ಲಿದೆ ಎಂದು ಕೇಳುವುದು ಮಾತ್ರ ಗೊತ್ತಿಲ್ಲ. ಇದು ನಿಮ್ಮ ದಡ್ಡತನವಲ್ಲ. ಈಜುವುದನ್ನು ಕಪ್ಪು ಹಲಗೆಯ ಮೇಲೆ ಕಲಿಸಿದರೆ ಆಗುವುದೇ ಇಷ್ಟು.

ಭಾಷೆ ಬಾಯಿಂದ ಬಾಯಿಗೆ ಬರುತ್ತದೆ ಎನ್ನುವುದಕ್ಕೆ ಭದ್ರಾವತಿಗಿಂತ ಬೇರೆ ಸಾಕ್ಷಿ ಬೇಡ. ಕಬ್ಬಿಣದ ಕಾರ್ಖಾನೆ, ಆಮೇಲೆ ಕಾಗದದ ಕಾರ್ಖಾನೆ ಬಂದಮೇಲೆ ತಮಿಳು, ತೆಲುಗು, ಮಲಯಾಳಂ ಆಡುವ ಕುಟುಂಬಗಳು ಬಂದು ಅಲ್ಲಿ ನೆಲೆಸಿದವು. ಅಲ್ಲಿನ ಬೀದಿಗಳಲ್ಲಿ ಶಾಲೆಯ ಮುಖ ಕಾಣದ ತಾಯಂದಿರೂ ತರಕಾರಿ ಕೊಳ್ಳುವಾಗ ಮೂರು ಭಾಷೆ ಆಡುತ್ತಾರೆ. ಯಾರೂ ಅವರಿಗೆ ವ್ಯಾಕರಣ ಹೇಳಿಕೊಟ್ಟಿಲ್ಲ. ತಪ್ಪು ಆಡಿದರು, ನೆರೆಯವರು ನಕ್ಕರು, ಅವರೂ ನಕ್ಕರು, ಮಾತು ಬಂತು.

ನಿಮಗೆ ಇಂಗ್ಲಿಷ್ ಸೊನ್ನೆಯಿಂದ ಶುರುವಾಗುತ್ತದೆ ಎನ್ನುವುದೂ ಸುಳ್ಳು. ನಾಳೆ ಸಂಜೆ ಶಿವಪ್ಪನಾಯಕ ವೃತ್ತದಿಂದ ಗಾಂಧಿ ಬಜಾರಿನೊಳಗೆ ಒಮ್ಮೆ ನಡೆದು ಹೋಗಿ. ಕಿವಿ ಮಾತ್ರ ತೆರೆದಿರಲಿ. ರೇಟು, ಬಿಲ್ಲು, ಕ್ಯಾಶು, ಸ್ಟಾಕು, ಡಜನ್ನು, ಸೈಜು, ಡಿಸೈನು, ಡಿಸ್ಕೌಂಟು, ಗ್ಯಾರಂಟಿ, ಚೇಂಜ್ ಇಲ್ಲ, ಸ್ಕ್ಯಾನ್ ಮಾಡಿ. ಒಂದು ಗಂಟೆಯಲ್ಲಿ ಕೇಳಿದ್ದನ್ನೆಲ್ಲ ಬರೆದುಕೊಂಡರೆ ನೂರಿನ್ನೂರು ಇಂಗ್ಲಿಷ್ ಪದ ಸಿಗುತ್ತವೆ, ಅವೆಲ್ಲ ನಿಮಗೆ ಗೊತ್ತಿರುವವೇ. ನಾನು ಕಟ್ಟಡದ ಕೆಲಸದಲ್ಲಿ ಆಯುಷ್ಯ ಕಳೆದವನು. ಓದು ಬರಹ ಬಾರದ ಮೇಸ್ತ್ರಿಗಳು ಕಾಲಂ, ಬೀಮ್, ಸೆಂಟ್ರಿಂಗ್, ಲೆವೆಲ್, ಕ್ಯೂರಿಂಗ್ ಎನ್ನುವುದನ್ನು ನಮ್ಮಷ್ಟೇ ನಿಖರವಾಗಿ ಬಳಸುತ್ತಾರೆ. ಇಟ್ಟಿಗೆ ನಿಮ್ಮ ಹತ್ತಿರ ರಾಶಿ ಬಿದ್ದಿದೆ. ಇಲ್ಲದಿರುವುದು ಅದನ್ನು ಹಿಡಿದಿಡುವ ಗಾರೆ.

ಆ ಗಾರೆ ಎಲ್ಲಿ ಬೇರೆಯಾಗುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಶಾಲೆಯಲ್ಲಿ ಇದನ್ನು ಕನ್ನಡದ ಜೊತೆಗಿಟ್ಟು ಹೇಳುವವರು ಕಡಿಮೆ. ನಾವು ಶಿವಮೊಗ್ಗ'ದಿಂದ' ಭದ್ರಾವತಿ'ಗೆ' ಎನ್ನುತ್ತೇವೆ, ಪ್ರತ್ಯಯ ಹಿಂದೆ ಅಂಟುತ್ತದೆ. ಇಂಗ್ಲಿಷಿನಲ್ಲಿ ಅದೇ ಸಂಬಂಧ ಮುಂದೆ ಬರುತ್ತದೆ: ಫ್ರಮ್ ಶಿವಮೊಗ್ಗ, ಟು ಭದ್ರಾವತಿ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅವರದು ಯಾರು ಎಂದ ತಕ್ಷಣ ಏನು ಮಾಡಿದರು ಎಂದು ಹೇಳಿಬಿಡುತ್ತದೆ, ಉಳಿದದ್ದೆಲ್ಲ ಆಮೇಲೆ. ನಾವು 'ಬಸ್ಸು ಬಂತು' ಎನ್ನುವುದನ್ನೇ 'ಬಸ್ಸು ಬಂತಾ' ಎಂದು ಎಳೆದರೆ ಪ್ರಶ್ನೆಯಾಯಿತು. ಅವರು ಪ್ರಶ್ನೆಗೆಂದೇ ಒಬ್ಬ ಆಳನ್ನು ಮುಂದೆ ಕಳಿಸುತ್ತಾರೆ, 'ಡು', 'ಡಸ್', 'ಡಿಡ್' ಅಂತ. ಡಿಡ್ ದ ಬಸ್ ಕಮ್? ಆ ಆಳು ಭೂತಕಾಲವನ್ನು ಹೊತ್ತುಕೊಂಡು ಹೋಗಿರುವುದರಿಂದ ಹಿಂದಿರುವ ಕ್ರಿಯಾಪದ ಮತ್ತೆ ಹೊರಬೇಕಿಲ್ಲ. ಅದಕ್ಕೇ 'ಡಿಡ್ ಕೇಮ್' ಆಗುವುದಿಲ್ಲ. ಇಷ್ಟು ತಿಳಿದರೆ ಶುರುವಿಗೆ ಬೇಕಾದ ವ್ಯಾಕರಣ ಬಹುಪಾಲು ಮುಗಿಯಿತು. ಉಳಿದದ್ದು ರೂಢಿ.

ಉಚ್ಚಾರದ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಡಿ. ಎ, ಒ ಸ್ವರಗಳ ಮುಂದೆ ನಮ್ಮವರಿಗೆ ಯಕಾರ, ವಕಾರ ತಾನಾಗಿ ಬರುತ್ತದೆ, ಎಂಟು ಯೆಂಟಾಗುತ್ತದೆ, ಒಂದು ವೊಂದಾಗುತ್ತದೆ. ಹಾಗೆಯೇ ಎಗ್ಗು ಯೆಗ್ಗಾಗುತ್ತದೆ. ಅದನ್ನು ಗಮನಿಸಿ ನಿಧಾನವಾಗಿ ತಿದ್ದಿಕೊಳ್ಳಿ. ಟೀವಿಯ ಇಂಗ್ಲಿಷಿನವರಂತೆ ನಾಲಿಗೆ ತಿರುಚುವುದು ಬೇಡ.

ಕಾಲೇಜಿನ ಮೊದಲ ತಿಂಗಳಿಗೆ ಬೇಕಾಗುವ ಮಾತುಗಳು ನಲವತ್ತು ಐವತ್ತಕ್ಕಿಂತ ಹೆಚ್ಚಿಲ್ಲ. ಅದರಲ್ಲಿ ಎರಡು ಎಲ್ಲಕ್ಕಿಂತ ದೊಡ್ಡವು. ಒಂದು, 'ಸರ್, ಐ ಡೋಂಟ್ ಅಂಡರ್‌ಸ್ಟ್ಯಾಂಡ್.' ಇನ್ನೊಂದು, 'ಪ್ಲೀಸ್ ಸೇ ಇಟ್ ಅಗೇನ್.' ಅರ್ಥವಾಗುತ್ತಿಲ್ಲ ಎನ್ನುವುದನ್ನು ಪದಕ್ಕೆ ಪದ ಇಟ್ಟು 'ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್' ಎಂದರೂ ಮೇಷ್ಟ್ರಿಗೆ ತಿಳಿಯುತ್ತದೆ, ಕೇಳಿಬಿಡಿ. ಈ ಒಂದು ಮಾತು ಬಾಯಿಗೆ ಬಾರದೆ ಹಿಂದಿನ ಬೆಂಚಿನಲ್ಲಿ ಮೂಕರಾಗಿ ಕೂತು, ಮೊದಲ ಸೆಮಿಸ್ಟರಿನಲ್ಲೇ ನಾಲ್ಕು ವಿಷಯ ಬಿಟ್ಟು ಊರಿಗೆ ಮರಳಿದ ಜಾಣ ಹುಡುಗರನ್ನು ನಾನು ಕಂಡಿದ್ದೇನೆ. ಗಣಿತದಲ್ಲಿ ಅವರು ಯಾರಿಗೂ ಕಡಿಮೆ ಇರಲಿಲ್ಲ. ಎಂಜಿನಿಯರಿಂಗನ್ನು ಕನ್ನಡದಲ್ಲೂ ಕಲಿಸಬಹುದೆಂದು ಎಐಸಿಟಿಇ 2021ರಲ್ಲಿ ಅನುಮತಿ ಕೊಟ್ಟಿತು. ಅದು ಬೆಳೆಯಬೇಕು, ಅದಕ್ಕಾಗಿ ನಾವೂ ಒತ್ತಾಯಿಸಬೇಕು. ಆದರೆ ಈ ಆಗಸ್ಟಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿ ಅಲ್ಲಿಯವರೆಗೆ ಕಾಯಲಾರಳು.

ಮೂವತ್ತು ದಿನದಲ್ಲಿ ಸರಾಗ ಇಂಗ್ಲಿಷ್ ಎಂಬ ಫಲಕ ನೋಡಿ ಸಾವಿರಾರು ರೂಪಾಯಿ ಕಟ್ಟಬೇಡಿ ಎಂದು ಪಾಲಕರಿಗೆ ಹೇಳುತ್ತೇನೆ. ಮನೆಯಲ್ಲಿ ಮಗುವಿನ ಜೊತೆ ಬಾರದ ಇಂಗ್ಲಿಷ್ ಆಡುವುದೂ ಬೇಡ. ಮನೆಯಲ್ಲಿ ತುಂಬು ಕನ್ನಡ ಇರಲಿ. ಕನ್ನಡದಲ್ಲಿ ಒಂದು ವಿಷಯವನ್ನು ಸರಿಯಾಗಿ ಹೇಳಲು ಬಂದವರಿಗೆ ಇಂಗ್ಲಿಷಿನಲ್ಲಿ ಹೇಳುವುದು ಅರ್ಧ ಕೆಲಸ ಅಷ್ಟೆ.

ಪೂಜ್ಯರಲ್ಲಿ ನನ್ನದೊಂದು ಅರಿಕೆ. ನಮ್ಮ ಮಠಗಳ ಪ್ರಸಾದ ನಿಲಯಗಳು ಅನ್ನ ಕೊಟ್ಟವು, ಅಕ್ಷರ ಕೊಟ್ಟವು. ರಾತ್ರಿ ಪ್ರಸಾದವಾದ ಮೇಲೆ ಅರ್ಧ ಗಂಟೆ ಮಕ್ಕಳು ಇಂಗ್ಲಿಷಿನಲ್ಲೇ ಮಾತಾಡುವ ಒಂದು ಪಂಕ್ತಿಯನ್ನೂ ಹಾಕಿಸಿಕೊಡಿ. ನಿಯಮ ಒಂದೇ ಇರಲಿ: ಯಾರು ತಪ್ಪಾಡಿದರೂ ನಗಬಾರದು. ಅನುಭವ ಮಂಟಪದಲ್ಲಿ ದೋಣಿ ನಡೆಸುವವರು, ಬಟ್ಟೆ ಮಡಿ ಮಾಡುವವರು, ಹಗ್ಗ ಹೊಸೆಯುವವರು ಎದ್ದು ನಿಂತು ಮಾತಾಡಿದ್ದು ಅಲ್ಲಿ ಯಾರೂ ನಗಲಿಲ್ಲವೆಂಬ ಧೈರ್ಯದಿಂದ ಎಂದು ನಾನು ನಂಬಿದ್ದೇನೆ. ಇದಕ್ಕೆ ದೊಡ್ಡ ಪಂಡಿತರು ಬೇಕಿಲ್ಲ. ಹಿಂದಿನ ವರ್ಷ ಕಾಲೇಜು ಸೇರಿದ ಇಬ್ಬರು ಮಕ್ಕಳು ಸಾಕು. ಯಾವ ಮಾತು ಎಲ್ಲಿ ಬೇಕಾಯಿತು ಎಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಿವೃತ್ತರಾದ ನಮ್ಮಂಥವರು ಪಾಳಿಯ ಮೇಲೆ ಬಂದು ಕೂರುತ್ತೇವೆ. ಸೋಮವಾರ ಮತ್ತು ಗುರುವಾರ ನಾನೇ ಬರುತ್ತೇನೆ, ಸಂಭಾವನೆಯ ಮಾತು ಬೇಡ.

ಮುಂದಿನ ಸಾಲಿನವರು ಈಗಲೇ ಪ್ರಶ್ನೆ ಕೇಳಬಹುದು. ಯಾವ ಭಾಷೆಯಲ್ಲಾದರೂ ಸರಿ. ಶರಣು.