ಕಡಲನ್ನು ಬಲ್ಲವರ ಮಕ್ಕಳು ಕಡಲ ವಿಜ್ಞಾನವನ್ನೂ ಕಲಿಯಲಿ

(ಕರಾವಳಿಯ ಪಟ್ಟಣವೊಂದರಲ್ಲಿ ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಲಾದ ಶೈಕ್ಷಣಿಕ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಇಂತಹ ಸಭೆಗಳಲ್ಲಿ ಸಾಮಾನ್ಯವಾಗಿ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಶಿಕ್ಷಣದ ಕುರಿತೇ ಮಾತು ನಡೆಯುತ್ತದೆ. ಸಮುದಾಯಕ್ಕೆ ಅವೆರಡೂ ಬೇಕು, ಅದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಎಲ್ಲರೂ ಆ ಎರಡು ಬಾಗಿಲುಗಳ ಮುಂದೆಯೇ ಸಾಲುಗಟ್ಟಿ ನಿಂತಿರುವಾಗ, ನಮ್ಮ ಮನೆಯಂಗಳದಲ್ಲೇ ಇರುವ ಇನ್ನೊಂದು ಬಾಗಿಲನ್ನು ತಟ್ಟುವವರು ವಿರಳ. ಅದು ಮೀನುಗಾರಿಕಾ ವಿಜ್ಞಾನದ ಬಾಗಿಲು. ಅದರಲ್ಲಿಯೂ ಮೀನುಗಾರಿಕಾ ಸಂಪನ್ಮೂಲ ನಿರ್ವಹಣೆ ಎಂಬ ಸ್ನಾತಕೋತ್ತರ ವಿಭಾಗದ ಕುರಿತು ಇಂದು ನಿಮ್ಮ ಗಮನ ಸೆಳೆಯಬಯಸುತ್ತೇನೆ.

ಹೆಸರು ಕೇಳಿದೊಡನೆ ಕೆಲವು ಹೆತ್ತವರ ಮುಖದಲ್ಲಿ ನಗು ಮೂಡಬಹುದು. ಮೀನು ಹಿಡಿಯುವುದನ್ನು ಕಲಿಯಲು ಕಾಲೇಜಿಗೆ ಹೋಗಬೇಕೇ ಎಂದು ಕೇಳಬಹುದು. ಮೀನು ಹಿಡಿಯಲು ಕಾಲೇಜು ಬೇಡ, ನಿಜ. ಆದರೆ ಕಡಲಿನಲ್ಲಿ ಎಷ್ಟು ಮೀನಿದೆ, ಯಾವ ವಯಸ್ಸಿನ ಮೀನು ಎಷ್ಟಿದೆ, ಈ ವರ್ಷ ಎಷ್ಟನ್ನು ಹಿಡಿದರೆ ಮುಂದಿನ ವರ್ಷಕ್ಕೂ ಉಳಿಯುತ್ತದೆ ಎಂದು ಲೆಕ್ಕ ಹಾಕಲು ವಿದ್ಯೆ ಬೇಕು. ಬ್ಯಾಂಕಿನಲ್ಲಿಟ್ಟ ಅಸಲನ್ನು ಮುಟ್ಟದೆ ಲಾಭದಿಂದ ಸಂಸಾರ ನಡೆಸುವುದನ್ನು ವ್ಯಾಪಾರಿಗಳಾದ ನಿಮಗೆ ನಾನು ವಿವರಿಸಬೇಕಾಗಿಲ್ಲ. ಮೀನಿನ ವಿಷಯದಲ್ಲಿ ಅಸಲು ಯಾವುದು, ಲಾಭ ಯಾವುದು ಎಂದು ತಿಳಿಸುವ ಶಾಸ್ತ್ರವೇ ಇದು. ಈ ವಿಭಾಗದ ವಿದ್ಯಾರ್ಥಿಗಳು ದಕ್ಕೆಗೆ ಬಂದ ಮೀನಿನ ಉದ್ದವನ್ನು ಅಳೆಯುತ್ತಾರೆ. ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲಿನ ಮೇಲೆ ಮೂಡಿದ ವಲಯಗಳನ್ನು ಎಣಿಸಿ ವಯಸ್ಸನ್ನು ಅಂದಾಜಿಸುತ್ತಾರೆ. ಸಹಜವಾಗಿ ಸಾಯುವ ಮೀನೆಷ್ಟು, ಬಲೆಯಿಂದ ಸಾಯುವ ಮೀನೆಷ್ಟು ಎಂದು ಬೇರ್ಪಡಿಸುತ್ತಾರೆ. ಇದರೊಂದಿಗೆ ಬಲೆಗಳ ರಚನೆ, ಅರ್ಥಶಾಸ್ತ್ರ, ಕಾನೂನು ಮತ್ತು ಮೀನುಗಾರರ ಸಾಮಾಜಿಕ ಸ್ಥಿತಿಗತಿಗಳನ್ನೂ ಅಭ್ಯಾಸ ಮಾಡುತ್ತಾರೆ.

ಈ ವಿದ್ಯೆಯ ಅಗತ್ಯವೇನೆಂಬುದನ್ನು ನಮ್ಮೆಲ್ಲರ ಊಟದ ಬಟ್ಟಲಿನ ಬೂತಾಯಿ ಮೀನೇ ತಿಳಿಸುತ್ತದೆ. ಬಡವರ ಮನೆಯ ಪೌಷ್ಟಿಕ ಆಹಾರವದು. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ದೊರೆತಿತ್ತು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಂಕಿ ಅಂಶಗಳ ಪ್ರಕಾರ 2021ರಲ್ಲಿ ಅಲ್ಲಿ ದೊರೆತದ್ದು ಕೇವಲ 3,297 ಟನ್. ಬೂತಾಯಿಯ ಆಯುಷ್ಯವೇ ಎರಡು ಎರಡೂವರೆ ವರ್ಷ. ಒಂದು ವರ್ಷ ತುಂಬುವ ಮೊದಲೇ ಅದು ಮೊಟ್ಟೆಯಿಡುವ ಹಂತಕ್ಕೆ ಬರುತ್ತದೆ. ಮಳೆಗಾಲದ ಆಸುಪಾಸಿನಲ್ಲಿ ಮೊಟ್ಟೆಯಿಡುತ್ತದೆ. ಕಡಲ ಆಳದ ತಣ್ಣೀರು ಮೇಲೆದ್ದು ಬಂದಾಗ ಬೆಳೆಯುವ ಸೂಕ್ಷ್ಮ ಸಸ್ಯಗಳೇ ಅದರ ಆಹಾರ. ಸಾಗರದ ಉಷ್ಣತೆಯಲ್ಲಿನ ಏರುಪೇರು, ಆಹಾರದ ಕೊರತೆ, ಮಿತಿಮೀರಿದ ಹಿಡಿತ ಇವೆಲ್ಲ ಸೇರಿದಾಗ ಇಂತಹ ಮೀನು ಥಟ್ಟನೆ ಕುಸಿಯುತ್ತದೆ. ಇದರಲ್ಲಿ ಕಡಲಿನ ಉಷ್ಣತೆ ನಮ್ಮ ಕೈಯಲ್ಲಿಲ್ಲ, ಬಲೆ ನಮ್ಮ ಕೈಯಲ್ಲಿದೆ.

ಮರಿ ಮೀನುಗಳನ್ನು ಬಲೆಯಿಂದ ಪಾರು ಮಾಡುವ ಉಪಾಯಗಳಿಗೂ ಈ ವಿದ್ಯೆಯೇ ಆಧಾರ. ಟ್ರಾಲ್ ಬಲೆಯ ತುದಿಯಲ್ಲಿರುವ ಚೀಲದ ಕಣ್ಣುಗಳು ವಜ್ರಾಕಾರದಲ್ಲಿದ್ದರೆ, ಬಲೆಯನ್ನು ಎಳೆಯುವಾಗ ಅವು ಮುಚ್ಚಿಕೊಳ್ಳುತ್ತವೆ. ಮರಿಗಳಿಗೆ ದಾರಿಯೇ ಉಳಿಯುವುದಿಲ್ಲ. ಚೌಕಾಕಾರದ ಕಣ್ಣುಗಳು ತೆರೆದೇ ಇರುತ್ತವೆ. ಆದ್ದರಿಂದ 35 ಮಿ.ಮೀ. ಚೌಕ ಕಣ್ಣಿನ ಚೀಲವನ್ನು ಬಳಸುವಂತೆ ವಿಜ್ಞಾನಿಗಳು ಶಿಫಾರಸು ಮಾಡಿದ್ದಾರೆ. ಬೂತಾಯಿ 10 ಸೆ.ಮೀ., ಬಂಗುಡೆ 14 ಸೆ.ಮೀ. ಉದ್ದವಾಗುವ ಮೊದಲು ಹಿಡಿಯಬಾರದೆಂದು ಕೇರಳ ಸರಕಾರವು ನಿಯಮ ಮಾಡಿತು. ಈ ಅಳತೆಗಳು ಯಾವುದೋ ಅಧಿಕಾರಿಯ ಮನಸ್ಸಿಗೆ ತೋಚಿದವುಗಳಲ್ಲ. ಸಾವಿರಾರು ಮೀನುಗಳನ್ನು ಅಳೆದು, ಅವು ಯಾವ ಗಾತ್ರದಲ್ಲಿ ಮೊಟ್ಟೆಯಿಡಲು ಆರಂಭಿಸುತ್ತವೆ ಎಂದು ಕಂಡುಕೊಂಡ ಬಳಿಕ ನಿಗದಿಯಾದವು.

ಬಂಧುಗಳೇ, ಕರ್ನಾಟಕದ ಕರಾವಳಿಯ ಮುಸ್ಲಿಮರಿಗೂ ಕಡಲಿಗೂ ಇರುವ ನಂಟು ಹೊಸದಲ್ಲ. ಉತ್ತರ ಕನ್ನಡದ ದಾಲ್ದಿ ಬಾಂಧವರು ತಲೆಮಾರುಗಳಿಂದ ಮೀನುಗಾರರು. ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳದ ಬಂದರುಗಳಲ್ಲಿ ಹರಾಜಿನಿಂದ ಹಿಡಿದು ಮಂಜುಗಡ್ಡೆ, ಲಾರಿ ಸಾಗಾಟ, ಒಣಮೀನು ವ್ಯಾಪಾರದವರೆಗೆ ನಮ್ಮವರಿದ್ದಾರೆ. ಸೈಕಲಿನಲ್ಲಿ, ದ್ವಿಚಕ್ರ ವಾಹನದಲ್ಲಿ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಘಟ್ಟದ ಬುಡದ ಹಳ್ಳಿಗಳವರೆಗೆ ಹೋಗುವ ಬ್ಯಾರಿ ಸಹೋದರರನ್ನು ನೀವೆಲ್ಲ ಬಲ್ಲಿರಿ. ಆ ದುಡಿಮೆಯ ಹಣದಿಂದಲೇ ಎಷ್ಟೋ ಮಕ್ಕಳು ಓದಿದ್ದಾರೆ. ಆದರೆ ಹಾಗೆ ಓದಿದವರಲ್ಲಿ ಮೀನಿನ ಕುರಿತೇ ಓದಿದವರು ಎಷ್ಟು ಮಂದಿ? ನಿಮ್ಮ ನಿಮ್ಮ ಜಮಾಅತ್‌ಗಳಲ್ಲಿ ಒಮ್ಮೆ ಎಣಿಸಿ ನೋಡಿ.

ದೇಶದಲ್ಲಿ 20 ವರ್ಷ ಮೇಲ್ಪಟ್ಟ ಮುಸ್ಲಿಮರ ಪೈಕಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆ, ಒಟ್ಟು ಜನಸಂಖ್ಯೆಯಲ್ಲಿ ಈ ಪ್ರಮಾಣ ಸುಮಾರು ಶೇ. 7 ಎಂದು 2006ರಲ್ಲಿ ಸಾಚಾರ್ ಸಮಿತಿಯು ವರದಿ ಮಾಡಿತ್ತು. ಶಿಕ್ಷಣದ ಹಿನ್ನಡೆಯ ಪರಿಣಾಮವು ಉದ್ಯೋಗಕ್ಕೆ ಮಾತ್ರ ಸೀಮಿತವಲ್ಲ. ನಮ್ಮ ಬದುಕನ್ನು ನಿರ್ಧರಿಸುವ ನಿಯಮಗಳು ರೂಪುಗೊಳ್ಳುವಾಗ ನಾವು ಅಲ್ಲಿರುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ತೀರದಿಂದ 12 ನಾಟಿಕಲ್ ಮೈಲಿಯೊಳಗಿನ ಕಡಲು ರಾಜ್ಯದ ಅಧೀನ, ಅದರಾಚೆ ಕೇಂದ್ರದ ಅಧೀನ. ಕೇಂದ್ರದ ವ್ಯಾಪ್ತಿಯ ನೀರಿನಲ್ಲಿ ಬುಲ್ ಟ್ರಾಲಿಂಗ್ ಮತ್ತು ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನು 2017ರ ನವೆಂಬರಿನಲ್ಲಿ ನಿಷೇಧಿಸಲಾಯಿತು. 2020ರಲ್ಲಿ 20,050 ಕೋಟಿ ರೂಪಾಯಿಗಳ ಮತ್ಸ್ಯ ಸಂಪದ ಯೋಜನೆ ಪ್ರಕಟವಾಯಿತು. ಇಂತಹ ಒಂದೊಂದು ತೀರ್ಮಾನವೂ ನಾಡದೋಣಿಯವನ, ಕೂಲಿ ಕಾರ್ಮಿಕನ, ಬುಟ್ಟಿ ಹೊತ್ತು ಮಾರುವ ಮಹಿಳೆಯ ಒಲೆಗೆ ಸಂಬಂಧಿಸಿದೆ. ತೀರ್ಮಾನವಾದ ಬಳಿಕ ಮನವಿ ಪತ್ರ ಹಿಡಿದು ಕಚೇರಿಯ ಮುಂದೆ ನಿಲ್ಲುವುದಕ್ಕೂ, ತೀರ್ಮಾನಕ್ಕೆ ಮೊದಲು ಅಂಕಿ ಅಂಶಗಳೊಂದಿಗೆ ಮೇಜಿನ ಬಳಿ ಕುಳಿತುಕೊಳ್ಳುವುದಕ್ಕೂ ಬಹಳ ಅಂತರವಿದೆ.

ಇದು ಧರ್ಮಕ್ಕೆ ಸಂಬಂಧವಿಲ್ಲದ ವಿಷಯವೆಂದು ಯಾರೂ ಭಾವಿಸಬಾರದು. ತಾಜಾ ಮಾಂಸವನ್ನು ಉಣ್ಣಲೆಂದು ಅಲ್ಲಾಹನು ಕಡಲನ್ನು ಮಾನವರಿಗೆ ಅಧೀನಗೊಳಿಸಿರುವುದನ್ನು ಪವಿತ್ರ ಕುರ್‌ಆನ್ ಅನ್ನಹ್ಲ್ ಅಧ್ಯಾಯದ 14ನೇ ಸೂಕ್ತದಲ್ಲಿ ನೆನಪಿಸುತ್ತದೆ. ಮಾನವರ ಕೈಗಳ ಗಳಿಕೆಯಿಂದಲೇ ನೆಲ ಜಲಗಳಲ್ಲಿ ಕ್ಷೋಭೆ ತಲೆದೋರಿದೆ ಎಂದು ಅರ್ರೂಮ್ ಅಧ್ಯಾಯದ 41ನೇ ಸೂಕ್ತ ಎಚ್ಚರಿಸುತ್ತದೆ. ಅನುಗ್ರಹ ಮತ್ತು ಎಚ್ಚರಿಕೆ ಎರಡೂ ಒಂದೇ ಗ್ರಂಥದಲ್ಲಿವೆ. ನಾವು ಮೊದಲನೆಯದನ್ನು ಮಾತ್ರ ಓದುತ್ತೇವೆ.

ಅಲ್‌ಅಅ್‌ರಾಫ್ ಅಧ್ಯಾಯದಲ್ಲಿ ಕಡಲ ತೀರದ ಒಂದು ಊರಿನ ವೃತ್ತಾಂತವಿದೆ. ಅವರಿಗೆ ವಾರದಲ್ಲಿ ಒಂದು ದಿನ ಮೀನು ಹಿಡಿಯುವಂತಿರಲಿಲ್ಲ. ಆದರೆ ಅದೇ ದಿನ ಮೀನುಗಳು ನೀರಿನ ಮೇಲೆ ಎದ್ದು ಕಾಣುತ್ತಿದ್ದವು, ಉಳಿದ ದಿನಗಳಲ್ಲಿ ಬರುತ್ತಿರಲಿಲ್ಲ. ಅದೊಂದು ಪರೀಕ್ಷೆಯಾಗಿತ್ತು. ಕೆಲವರು ಮಿತಿ ಮೀರಿದರು. ಕೆಲವರು ಅವರನ್ನು ತಡೆದರು. ಇನ್ನು ಕೆಲವರು, ಇವರಿಗೆ ಉಪದೇಶ ಮಾಡಿ ಏನು ಪ್ರಯೋಜನವೆಂದು ಕೇಳಿದರು. ತಡೆದವರನ್ನು ರಕ್ಷಿಸಲಾಯಿತೆಂದು ಕುರ್‌ಆನ್ ಹೇಳುತ್ತದೆ. ಅಲ್ಲಿದ್ದುದು ಆರಾಧನೆಯ ದಿನದ ವಿಧಿ, ಇಲ್ಲಿರುವುದು ಮೀನಿನ ಸಂತಾನಕ್ಕಾಗಿ ಮಾಡಿದ ಕಾನೂನು. ಇವೆರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಕಣ್ಣೆದುರು ಮೀನಿರುವಾಗ ಕೈಯನ್ನು ಹಿಡಿದಿಟ್ಟುಕೊಳ್ಳುವ ಪರೀಕ್ಷೆ ಅದೇ. ಹಡಗಿನ ಕೆಳ ಅಂತಸ್ತಿನವರು ನೀರಿಗಾಗಿ ತಮ್ಮ ಭಾಗದಲ್ಲಿ ರಂಧ್ರ ಕೊರೆಯಹೊರಟ ಉಪಮೆಯನ್ನು ಪ್ರವಾದಿ(ಸ) ತಿಳಿಸಿದ್ದಾರೆ. ಮೇಲಿನವರು ಅವರನ್ನು ತಡೆಯದಿದ್ದರೆ ಎಲ್ಲರೂ ಮುಳುಗುತ್ತಾರೆ. ನಮ್ಮ ದೋಣಿ, ನಮ್ಮ ಬಲೆ, ಇದನ್ನು ಕೇಳಲು ನೀವಾರು ಎನ್ನುವವರಿಗೆ ಇದಕ್ಕಿಂತ ಉತ್ತಮ ಉತ್ತರವಿಲ್ಲ.

ಇನ್ನು ದಾರಿಯ ಕುರಿತು. ವಿಜ್ಞಾನ ವಿಭಾಗದಲ್ಲಿ ಜೀವಶಾಸ್ತ್ರದೊಂದಿಗೆ ಪಿಯುಸಿ ಮುಗಿಸಿದವರು ನಾಲ್ಕು ವರ್ಷಗಳ ಬಿ.ಎಫ್.ಎಸ್ಸಿ. ಪದವಿಗೆ ಸೇರಬಹುದು. ದೇಶದ ಮೊತ್ತಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು ನಮ್ಮ ಮಂಗಳೂರಿನಲ್ಲಿಯೇ. ಅದರ ನಂತರ ಎರಡು ವರ್ಷಗಳ ಎಂ.ಎಫ್.ಎಸ್ಸಿ., ಆ ಬಳಿಕ ಪಿಎಚ್.ಡಿ. ಸಂಪನ್ಮೂಲ ನಿರ್ವಹಣೆಯ ಸ್ನಾತಕೋತ್ತರ ವ್ಯಾಸಂಗ ಮಂಗಳೂರಿನಲ್ಲಿದೆ. 1961ರಲ್ಲಿ ಸ್ಥಾಪನೆಗೊಂಡು 1989ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾದ ಮುಂಬೈಯ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಲ್ಲಿಯೂ ಇದೆ. ಮುಂಬೈಯ ಪ್ರವೇಶಕ್ಕೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಅಖಿಲ ಭಾರತ ಪರೀಕ್ಷೆಯನ್ನು ಬರೆಯಬೇಕು. ಈಗಾಗಲೇ ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಓದುತ್ತಿರುವವರು ನಿರಾಶರಾಗಬೇಕಿಲ್ಲ. ಕಾರವಾರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಸಾಗರ ಜೀವಶಾಸ್ತ್ರದ ಎಂ.ಎಸ್ಸಿ. ಇದೆ.

ಈ ಅರ್ಹತೆ ಪಡೆದವರಿಗೆ ರಾಜ್ಯದ ಮೀನುಗಾರಿಕಾ ಇಲಾಖೆ, ಕೇಂದ್ರದ ಸಂಶೋಧನಾ ಸಂಸ್ಥೆಗಳು, ರಫ್ತು ಕ್ಷೇತ್ರ, ಕಾಲೇಜುಗಳ ಅಧ್ಯಾಪನ ಮುಂತಾದ ಅವಕಾಶಗಳಿವೆ. ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆಗೂ ಮೀನುಗಾರಿಕಾ ಪದವೀಧರರು ಅರ್ಜಿ ಸಲ್ಲಿಸಬಹುದು. ಎಲ್ಲರಿಗೂ ಓದು ಮುಗಿದ ಮರುದಿನವೇ ಹುದ್ದೆ ಸಿಗುತ್ತದೆ ಎಂಬ ಭರವಸೆಯನ್ನು ನಾನು ಕೊಡಲಾರೆ. ಸ್ಪರ್ಧೆ ಇದೆ, ಹುದ್ದೆಗಳು ಸೀಮಿತವಾಗಿವೆ. ಆದರೆ ಮನೆಯಲ್ಲಿಯೇ ದೋಣಿ ಅಥವಾ ಮೀನು ವ್ಯಾಪಾರ ಇರುವವನ ವಿದ್ಯೆ, ಹುದ್ದೆ ಸಿಗದಿದ್ದರೂ ವ್ಯರ್ಥವಾಗುವುದಿಲ್ಲ.

ಹೆಣ್ಣುಮಕ್ಕಳ ಹೆತ್ತವರಿಗೆ ಒಂದು ಮಾತು. ಈ ವ್ಯಾಸಂಗವೆಂದರೆ ವರ್ಷವಿಡೀ ದೋಣಿಯಲ್ಲಿರುವುದಲ್ಲ. ಕಡಲಿನ ಅನುಭವ ಬೇಕು, ಆದರೆ ಕೆಲಸದ ದೊಡ್ಡ ಭಾಗ ಪ್ರಯೋಗಾಲಯದಲ್ಲಿ, ಕಂಪ್ಯೂಟರಿನ ಮುಂದೆ, ಮೀನು ಮಾರುಕಟ್ಟೆಯ ಸಮೀಕ್ಷೆಯಲ್ಲಿ ನಡೆಯುತ್ತದೆ. ಮೀನು ಮಾರುವ ಮಹಿಳೆಯರ ಕಷ್ಟವನ್ನು ಅವರ ಬಾಯಿಯಿಂದ ಕೇಳಿ ದಾಖಲಿಸಲು ಹೆಣ್ಣುಮಕ್ಕಳಿಗೆ ಹೆಚ್ಚು ಸುಲಭ.

ಹಣದ ಸಮಸ್ಯೆ ನಿಜವಾದದ್ದು. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗೆ 2009ರಲ್ಲಿ ಆರಂಭವಾಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ನಿಲ್ಲಿಸಲಾಗುವುದೆಂದು 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಲೋಕಸಭೆಗೆ ತಿಳಿಸಿತು. ಇತರ ಯೋಜನೆಗಳಿರುವುದರಿಂದ ಇದು ಬೇಕಾಗಿಲ್ಲ ಎಂಬುದು ಅದರ ಸಮರ್ಥನೆ. ಹಿಂದುಳಿದವರು ಏಣಿಯ ಮೇಲಿನ ಮೆಟ್ಟಿಲಿಗೆ ತಲಪುವ ಹೊತ್ತಿನಲ್ಲಿ ಆ ಮೆಟ್ಟಿಲನ್ನೇ ಕಿತ್ತ ನಿರ್ಧಾರವದು. ಅದರ ವಿರುದ್ಧ ಪ್ರಜಾಸತ್ತಾತ್ಮಕವಾಗಿ ದನಿಯೆತ್ತುವುದು ನಮ್ಮ ಹಕ್ಕು. ಆದರೆ ಹಕ್ಕಿನ ಹೋರಾಟ ಮುಗಿಯುವ ತನಕ ಮಕ್ಕಳ ವಯಸ್ಸು ಕಾಯುವುದಿಲ್ಲ. ಪರಿಷತ್ತಿನ ಪರೀಕ್ಷೆಯಲ್ಲಿ ಉನ್ನತ ಶ್ರೇಣಿ ಪಡೆದವರಿಗೆ ವಿದ್ಯಾರ್ಥಿ ವೇತನವಿದೆ, ಅದಕ್ಕೆ ತಯಾರಿ ನಡೆಸೋಣ. ಮದುವೆ ಸಭಾಂಗಣಗಳಿಗೆ ಲಕ್ಷಗಟ್ಟಲೆ ಸುರಿಯುವ ಜಮಾಅತ್‌ಗಳು ವರ್ಷಕ್ಕೆ ಒಬ್ಬನೇ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿಯ ಹೊಣೆ ಹೊತ್ತುಕೊಂಡರೂ ಹತ್ತು ವರ್ಷಗಳಲ್ಲಿ ಕರಾವಳಿಯ ಚಿತ್ರ ಬದಲಾದೀತು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕಠಿಣ ಮಾತು. ಈ ವಿದ್ಯೆ ಕಲಿತವನು ಒಂದು ದಿನ ತನ್ನದೇ ತಂದೆಯ ಅಥವಾ ಮಾವನ ದೋಣಿಯ ಮುಂದೆ ನಿಂತು, ಈ ಬಲೆಯ ಕಣ್ಣು ಸಣ್ಣದಾಯಿತು, ಈ ಮರಿಗಳನ್ನು ಫಿಶ್‌ಮೀಲ್ ಕಾರ್ಖಾನೆಗೆ ಮಾರಬೇಡಿ ಎನ್ನಬೇಕಾಗುತ್ತದೆ. ಆಗ ಮನೆಯಲ್ಲಿ ಮುನಿಸು ಹುಟ್ಟಬಹುದು. ಸಾಲದ ಕಂತು ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆ ಎದುರಾಗಬಹುದು. ಆ ಪ್ರಶ್ನೆ ಅನ್ಯಾಯದ್ದಲ್ಲ. ದೊಡ್ಡ ದೋಣಿಗಳನ್ನು ಬಿಟ್ಟು ಬಡವನ ನಾಡದೋಣಿಗೆ ಮಾತ್ರ ನಿಯಮ ಕಲಿಸುವ ವಿಜ್ಞಾನಿ ನಮಗೆ ಬೇಡ. ಮುದುಕ ತಂಡೇಲನ ಅನುಭವವನ್ನು ಗೌರವದಿಂದ ಕೇಳಿ, ತನ್ನ ಲೆಕ್ಕವನ್ನು ಅವನ ಭಾಷೆಯಲ್ಲಿ ಹೇಳಬಲ್ಲ, ಸತ್ಯವನ್ನು ಮೊದಲು ತನ್ನವರಿಗೇ ಹೇಳುವ ಧೈರ್ಯವುಳ್ಳ ವಿದ್ಯಾವಂತ ಬೇಕು. ತನ್ನವರ ವಿರುದ್ಧವಾದರೂ ಸರಿ, ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂಬುದು ನಮಗೆ ಕಲಿಸಲಾದ ಪಾಠವಲ್ಲವೇ?

ಕಡಲು ನಮ್ಮ ಪಿತ್ರಾರ್ಜಿತ ಸೊತ್ತಲ್ಲ, ಅದು ಅಮಾನತ್ತು. ಇದರಲ್ಲಿ ಮೊಗವೀರ ಸಹೋದರನಿಗೂ ಖಾರ್ವಿ ಸಹೋದರನಿಗೂ ನಮ್ಮಷ್ಟೇ ಪಾಲಿದೆ. ಇನ್ನೂ ಹುಟ್ಟದ ಮಕ್ಕಳಿಗೂ ಇದೆ. ಆ ಅಮಾನತ್ತಿನ ಲೆಕ್ಕವನ್ನು ಸರಿಯಾಗಿ ಒಪ್ಪಿಸಬಲ್ಲ ವಿದ್ಯೆಯನ್ನೂ ಪ್ರಾಮಾಣಿಕತೆಯನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ. ಆಮೀನ್.